ಮಾಡದ ತಪ್ಪನ್ನು ಒಪ್ಪಿಕೊಂಡ ವೈದ್ಯ

ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಮದ್ದಿನ ವಿಷಯದಲ್ಲಿ ಸಂದೇಹ ಬಂದರೆ ಎಲ್ಲರೂ ನನ್ನ ಸಹಪಾಠಿ ಚೆನ್ನವೀರನನ್ನೇ ಕೇಳುತ್ತಾರೆ. ನಾನೂ ಅವನಷ್ಟೇ ಓದಿದ್ದೇನೆ. ನನ್ನ ಮಾತಿಗೆ ಯಾಕೆ ಬೆಲೆಯಿಲ್ಲ?"

"ಅಸೂಯೆಗೆ ನನ್ನ ಬಳಿ ಮದ್ದಿಲ್ಲಪ್ಪ. ಕತೆಯೊಂದಿದೆ, ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನ ವೈದ್ಯರೆಲ್ಲ ಪ್ರತಿ ಅಮಾವಾಸ್ಯೆಗೆ ಮಠದ ಜಗಲಿಯಲ್ಲಿ ಸೇರುತ್ತಿದ್ದರು. ತಾನು ಕೊಟ್ಟ ಮದ್ದಿನಿಂದ ಯಾರಿಗಾದರೂ ಕೆಡುಕಾಗಿದ್ದರೆ ಅದನ್ನು ಅಲ್ಲಿ ಹೇಳಬೇಕು. ಗುಣವಾದದ್ದನ್ನು ಹೇಳುವಂತಿಲ್ಲ. ಅದನ್ನು ರೋಗಿಯೇ ಊರೆಲ್ಲ ಹೇಳಿಕೊಂಡು ಬರುತ್ತಾನೆ. ಹೀಗೆ ಒಬ್ಬನ ತಪ್ಪು ಉಳಿದವರಿಗೆ ಎಚ್ಚರಿಕೆಯಾಗುತ್ತಿತ್ತು.

ಕೋಟೆಯ ವೈದ್ಯ ಅಲ್ಲಿ ಏನನ್ನೂ ಮುಚ್ಚಿಡುತ್ತಿರಲಿಲ್ಲ. ಮಗುವಿಗೆ ದೊಡ್ಡವರ ಅಳತೆಯಲ್ಲಿ ಮದ್ದು ಕೊಟ್ಟದ್ದನ್ನೂ ತಲೆ ತಗ್ಗಿಸಿ ಹೇಳಿದ. ಅದರಿಂದ ಅವನ ಮೇಲಿನ ಗೌರವ ಹೆಚ್ಚೇ ಆಯಿತು. ಅವನು ಬಾಯಿ ತೆರೆದರೆ ಎಲ್ಲರೂ ಕಿವಿಗೊಡುತ್ತಿದ್ದರು.

ಪೇಟೆಯ ವೈದ್ಯನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ. ಅವನ ಕೈಗುಣ ಒಳ್ಳೆಯದು, ತಪ್ಪುವುದು ಅಪರೂಪ. ಆದ್ದರಿಂದ ಸಭೆಯಲ್ಲಿ ಅವನಿಗೆ ಹೇಳಲು ಏನೂ ಇರುತ್ತಿರಲಿಲ್ಲ. ತಪ್ಪು ಮಾಡಿದವನಿಗೆ ಮರ್ಯಾದೆ, ಮಾಡದವನಿಗೆ ಮೂಲೆ ಎಂದು ಒಳಗೊಳಗೇ ಕುದಿದ.

ಒಂದು ಅಮಾವಾಸ್ಯೆ ಅವನೂ ಎದ್ದು ನಿಂತ. "ಚಳಿಜ್ವರಕ್ಕೆ ಕಹಿಬೇರಿನ ಕಷಾಯ ಕೊಟ್ಟೆ. ದಾರಿಹೋಕನೊಬ್ಬ ನನ್ನ ಕೈಯಲ್ಲೇ ಸತ್ತ" ಎಂದ. ಅಂಥ ದಾರಿಹೋಕನೇ ಇರಲಿಲ್ಲ. ಆದರೂ ಕಣ್ಣೀರು ಮಾತ್ರ ಸಲೀಸಾಗಿ ಬಂತು. ಕೋಟೆಯ ವೈದ್ಯ ಎದ್ದು ಬಂದು ಅವನ ಕೈ ಹಿಡಿದುಕೊಂಡ. ಪೇಟೆಯ ವೈದ್ಯನಿಗೆ ಜನ್ಮ ಸಾರ್ಥಕವಾಯಿತು.

ಮಾಡದ ಕೊಲೆಯನ್ನು ಯಾರು ತಾನೇ ಮೈಮೇಲೆ ಹಾಕಿಕೊಳ್ಳುತ್ತಾರೆ? ಅವನ ಮಾತನ್ನು ಎಲ್ಲರೂ ನಂಬಿದರು. ಅಂದಿನಿಂದ ಆ ಊರಿನಲ್ಲಿ ಕಹಿಬೇರು ಕುದಿಯಲಿಲ್ಲ.

ಮಳೆಗಾಲದಲ್ಲಿ ಚಳಿಜ್ವರ ಬಂತು. ಬೇರೆ ಮದ್ದಿಗೆ ಅದು ಬಗ್ಗಲಿಲ್ಲ. ನಿಜ ಹೇಳಿಬಿಡಬೇಕೆಂದು ಪೇಟೆಯ ವೈದ್ಯನಿಗೆ ಅನ್ನಿಸದೆ ಇರಲಿಲ್ಲ. ಆದರೆ ಈಗ ಜನ ಅವನನ್ನೂ ಹುಡುಕಿಕೊಂಡು ಬಂದು ಸಲಹೆ ಕೇಳುತ್ತಿದ್ದರು. ಆ ಸುಖ ಬಿಡಲು ಮನಸ್ಸಾಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಹೇಳಿದರಾಯಿತು ಎಂದುಕೊಂಡ.

ಅಷ್ಟರಲ್ಲಿ ಜ್ವರ ಅವನನ್ನೇ ಹಿಡಿಯಿತು. ತಾಪ ಏರಿ ನಾಲಿಗೆ ಸೆಟೆದುಕೊಂಡಿತು. ಹೆಂಡತಿ ಹೇಳಿಕಳಿಸಿದಾಗ ಕೋಟೆಯ ವೈದ್ಯ ಓಡಿ ಬಂದ.

"ಪಂಡಿತರೇ, ಇದಕ್ಕೆ ಯಾವ ಮದ್ದೂ ಇಲ್ಲವೇ?" ಎಂದು ಆಕೆ ಕೇಳಿದಳು.

"ಹಿಂದೆಲ್ಲ ಕಹಿಬೇರು ಕೊಡುತ್ತಿದ್ದೆವು ತಾಯಿ. ಅದು ಜೀವ ತೆಗೆಯುತ್ತದೆಂದು ನಮ್ಮನ್ನು ಎಚ್ಚರಿಸಿದವರೇ ಇವರು. ಇವರಿಗೇ ಅದನ್ನು ಹೇಗೆ ಕುಡಿಸಲಿ?"

ರೋಗಿ ಅವನ ಕೈಯನ್ನು ಬಲವಾಗಿ ಹಿಡಿದುಕೊಂಡ. ತುಟಿ ಅದುರಿತು, ಮಾತು ಹೊರಡಲಿಲ್ಲ. ಕಷಾಯ ಬೇಡವೆಂದು ಅಂಗಲಾಚುತ್ತಿದ್ದಾನೆ ಎಂದುಕೊಂಡ ಕೋಟೆಯ ವೈದ್ಯನಿಗೆ ದುಃಖ ಉಕ್ಕಿತು. "ಹೆದರಬೇಡಿ, ಕೊಡುವುದಿಲ್ಲ" ಎಂದು ಹಣೆ ಸವರಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ತಡೆಯಲಾರದೆ ಕೇಳಿದ: "ಆಮೇಲೆ? ಅವನು ಬದುಕಿದನೇ?"

"ಅವನ ಮಾತನ್ನು ಎಲ್ಲರೂ ನಂಬಿದ್ದರು ಎಂದೆನಲ್ಲ, ಮಗು."