ನಂಬಿಗಿ ಹಳ್ಳದ ಕಲ್ಲುಚಿಪ್ಪು

ಕರಿಮೊರಡಿ ಊರಿನ ಪಡುವಣಕ್ಕೆ ಕಪ್ಪು ಬಂಡೆಗಳ ನಡುವೆ ಹರಿಯುವ ಹಳ್ಳಕ್ಕೆ ನಂಬಿಗಿ ಹಳ್ಳವೆಂದು ಹೆಸರು. ಬೇಸಿಗೆಯಲ್ಲಿ ನೀರಿಳಿದಾಗ ದಂಡೆಯಲ್ಲಿ ಕಲ್ಲಾದ ಚಿಪ್ಪುಗಳು ಸಿಗುತ್ತವೆ. ನೋಡಲು ಬಂದವರು ಆರಿಸಿ ಜೇಬಿಗೆ ತುಂಬಿಕೊಳ್ಳುತ್ತಾರೆ. ಹೆಸರು ಕೇಳಿ, ಇಲ್ಲಿ ಯಾರೋ ಕೊಟ್ಟ ಮಾತು ಉಳಿಸಿಕೊಂಡಿರಬೇಕು ಎಂದು ಮೆಚ್ಚಿಕೊಂಡು ಹೋಗುತ್ತಾರೆ. ಆ ಮೆಚ್ಚುಗೆ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಇದು ಜನ ನೊಂದು ಇಟ್ಟ ಹೆಸರು.

ಬಹಳ ಹಿಂದೆ ಇಲ್ಲಿ ಹಳ್ಳದ ಚಿಪ್ಪು ಸುಟ್ಟು ಸುಣ್ಣ ಮಾಡುವ ಮನೆತನವೊಂದಿತ್ತು ಎನ್ನುತ್ತಾರೆ. ತಂಗಿ ಬಾಳವ್ವ ಭಟ್ಟಿ ಕಾಯುವವಳು. ಅಣ್ಣ ಮಲಕಪ್ಪ ಗಾಡಿಯಲ್ಲಿ ಸುಣ್ಣ ಹೇರಿಕೊಂಡು ಊರೂರು ತಿರುಗಿ ಮಾರುವವನು. ಚಿಪ್ಪು ಯಾವ ಮಡುವಿನಲ್ಲಿದೆ ಎಂಬುದನ್ನು ಭಟ್ಟಿ ಕಾಯುವವರಿಗಷ್ಟೇ ಹೇಳುವುದು ಆ ಮನೆಯ ಪದ್ಧತಿ. ಬೇಕಾದಷ್ಟೇ ತೆಗೆದು ಉಳಿದದ್ದನ್ನು ಬೆಳೆಯಲು ಬಿಡುತ್ತಿದ್ದರು. ಆ ಮಡುವೊಂದೇ ಅವರಿಗೆ ಅನ್ನದ ದಾರಿ. ಗಾಡಿ ಹೊರಡುವಾಗ ಒಂದು ಚಿಪ್ಪನ್ನು ಎರಡು ಹೋಳು ಮಾಡಿ ಅಣ್ಣನೊಂದು, ತಂಗಿಯೊಂದು ಇಟ್ಟುಕೊಳ್ಳುತ್ತಿದ್ದರು. ಒಂದು ಚಿಪ್ಪಿನ ಹೋಳು ಇನ್ನೊಂದು ಚಿಪ್ಪಿನ ಹೋಳಿಗೆ ಕೂಡುವುದಿಲ್ಲ. ಅಣ್ಣನ ಹೋಳು ತಂದವನು ಮನೆಯವನಿದ್ದಂತೆ. ಅವನಿಗೆ ಇಲ್ಲ ಎನ್ನುವಂತಿರಲಿಲ್ಲ.

ಹೀಗಿರಲು ಒಮ್ಮೆ ಆ ಸೀಮೆಯ ದೇಸಾಯಿ ದೊಡ್ಡ ವಾಡೆ ಕಟ್ಟಿಸಲು ಹೊರಟ. ಅದೇ ದಿನಗಳಲ್ಲಿ ಅಪರಿಚಿತನೊಬ್ಬ ಬಾಳವ್ವನ ಬಳಿ ಬಂದು, "ನಿಮ್ಮಣ್ಣ ಜ್ವರಾ ಬಂದು ಮಲಗ್ಯಾನವ್ವಾ. ಚಿಪ್ಪಿನ ಜಾಗಾ ನನಗ ತೋರಸಬೇಕಂತ" ಎಂದು ಹೋಳನ್ನು ಮುಂದಿಟ್ಟ. ಕೂಡಿಸಿ ನೋಡಿದಳು, ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಕರೆದೊಯ್ದು ಮಡು ತೋರಿಸಿದಳು. ಮರುದಿನ ದೇಸಾಯಿಯ ಆಳುಗಳು ಗಾಡಿಗಳೊಂದಿಗೆ ಬಂದು ಮಡುವನ್ನು ಬಗೆಯತೊಡಗಿದರು. ದಂಡೆಯ ಮೇಲೆ ಹೊಸ ರುಮಾಲು ಸುತ್ತಿಕೊಂಡು ಮಲಕಪ್ಪ ನಿಂತಿದ್ದ. ವಾಡೆಗೆ ಸುಣ್ಣ ಒದಗಿಸುವ ಯಜಮಾನಿಕೆ ಅವನಿಗೆ ಸಿಕ್ಕಿತ್ತು.

"ಅಣ್ಣಾ, ಚಿಪ್ಪು ನಿನ್ನ ಕೈಯಾಗಿಂದ ಕಸಗೊಂಡ್ರೊ, ನೀನಾಗೇ ಕೊಟ್ಟಿಯೊ?" ಎಂದು ಬಾಳವ್ವ ಕೇಳಿದಳು. ಕಸಿದುಕೊಂಡರು ಎಂದು ಸುಳ್ಳು ಹೇಳಿದ್ದರೂ ಅವಳು ನಂಬುತ್ತಿದ್ದಳೇನೋ. ಅಷ್ಟೂ ಮಾಡದೆ ಅವನು ರುಮಾಲು ಸರಿಮಾಡಿಕೊಂಡ. ಅವಳು ಎರಡು ಹೋಳುಗಳನ್ನೂ ಕೂಡಿಸಿ ಕೆಸರಿಗೆ ಒತ್ತಿ, "ಇನ್ನ ನಿನ್ನ ಯಾರೂ ಎರಡು ಮಾಡಬಾರದು" ಎಂದು ಚಿಪ್ಪಿಗೆ ಹೇಳಿ ಹೊರಟುಹೋದಳು. ಮತ್ತೆ ಬರಲಿಲ್ಲ. ದೇಸಾಯಿಯ ಆಳುಗಳು ಒಯ್ದ ಚಿಪ್ಪು ಎಷ್ಟು ಉರಿಸಿದರೂ ಸುಣ್ಣವಾಗದೆ ಕಲ್ಲಾಯಿತಂತೆ, ಹಳ್ಳದಲ್ಲಿ ಉಳಿದದ್ದೂ ಕಲ್ಲಾಯಿತಂತೆ. ಅವಳ ನಂಬಿಗೆ ಹೂತುಹೋದ ಜಾಗವೆಂದು ಜನ ಅದನ್ನು ನಂಬಿಗಿ ಹಳ್ಳ ಎಂದರು.

ಕರಿಮೊರಡಿಯ ಹೆಣ್ಣುಮಕ್ಕಳು ಇಂದಿಗೂ ತವರಿನವರು ಕರೆಯಲು ಯಾರ ಕೈಯಲ್ಲಿ ಏನು ಗುರುತು ಕಳಿಸಿದರೂ ಹೊರಡುವುದಿಲ್ಲ. ಅಣ್ಣನೇ ಬಾಗಿಲಿಗೆ ಬರಬೇಕು. ಹಳ್ಳದಲ್ಲಿ ಸಿಗುವ ಚಿಪ್ಪುಗಳು ಎರಡು ಹೋಳೂ ಕೂಡಿಕೊಂಡೇ ಇವೆ. ಸುತ್ತಿಗೆಯಿಂದ ಹೊಡೆದರೆ ಚೂರಾಗುತ್ತವೆ, ಬೇರೆಯಾಗುವುದಿಲ್ಲ.