ಉಬ್ಬರಕ್ಕೆ ಜರುಗಿದ ಗೆರೆ

'ಗಾಳಿ ಬಂದಾಗ ತೂರಿಕೋ' ಎಂಬ ಅಜ್ಜಿಯ ಮಾತು ಜಟ್ಟಿಗೆ ಚಿಕ್ಕಂದಿನಿಂದ ಬಾಯಿಪಾಠ. ಆದರೆ ಗಾಳಿ ಬಂದು, ಗಳಿಗೆ ಬಾರದಿದ್ದರೆ? ಹಾಯಿದೋಣಿಗಳ ಪಂದ್ಯದಲ್ಲಿ ಬಾವುಟ ಏರುವ ಮುನ್ನ ಗೆರೆ ದಾಟಿದವನು ಸೋತಂತೆಯೇ. ಅಜ್ಜಿಯ ಗಾದೆಯಲ್ಲಿ ಕಾಯುವವನಿಗೆ ಜಾಗವಿರಲಿಲ್ಲ. ಕಡಲಂಚಿನ ನೀಲಗೋಡು ರಾಜ್ಯದಲ್ಲಿ ಪಂದ್ಯದ ಗೆರೆಯ ತುದಿ ತೋರಿಸುವ ತೇಲುಬುರುಡೆಯನ್ನು, ಅಂದರೆ ಬೋಯವನ್ನು, ನೀರಡಿಯ ಕಲ್ಲಿಗೆ ಹಗ್ಗದಿಂದ ಕಟ್ಟಿ ತೇಲಿಬಿಡುವುದು ಅವನ ಕೂಲಿ. ಹಗ್ಗ ಹೊಸೆಯುತ್ತ ಕುಳಿತಿದ್ದವನ ಕಿವಿಗೆ ಡಂಗುರ ಬಿತ್ತು.

"ಕೇಳಿರಿ, ಪ್ರಜೆಗಳೇ! ಹೋದ ವರ್ಷ ಪಂದ್ಯದ ಆರಂಭದಲ್ಲೇ ದೋಣಿಗಳು ಡಿಕ್ಕಿಯಾಗಿ ಯುವರಾಜ ಜಯಕೀರ್ತಿ ಮಡಿದರು. ಡಿಕ್ಕಿಯ ಕಾರಣ ಯಾರೂ ಹೇಳಿಲ್ಲ. ರಾಜಕುಮಾರಿ ವಸುಮತಿಯವರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರು ಬೇಡಿದ್ದು ಪಡೆಯಬಹುದು. ಕಣಕ್ಕಿಳಿದು ಸೋತವರ ತಲೆ ಸೂರ್ಯಾಸ್ತಕ್ಕೆ ಉರುಳುವುದು!"

ಜಟ್ಟಿ ಹಗ್ಗ ಕೆಳಗಿಟ್ಟು ಎದ್ದ. ವರ್ಷವಿಡೀ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತೊಂದು ಅವನನ್ನು ಆಸ್ಥಾನಕ್ಕೆ ಎಳೆದೊಯ್ದಿತು.

ಕಣದಲ್ಲಿ ನಿಂತವರು ಮೂವರೇ: ಆಸ್ಥಾನದ ಯಂತ್ರಜ್ಞ ಭುಜಬಲಿ, ಹಡಗುಗಳ ಒಡೆಯನ ಮಗ ಮಕರಂದ, ಜಟ್ಟಿ. ರಾಜಕುಮಾರಿಯ ಮಡಿಲಲ್ಲಿ ಅಂಗೈಯಗಲದ ಎಲೆಕ್ಟ್ರಾನಿಕ್ ಯಂತ್ರವಿತ್ತು. ಆರಂಭಕ್ಕೆ ಎಷ್ಟು ಕ್ಷಣ ಉಳಿದಿದೆ, ಗೆರೆ ಎಷ್ಟು ದೂರವಿದೆ ಎಂದು ತೋರಿಸುವ ಆ ಯಂತ್ರವನ್ನು ತಮ್ಮ ಜಯಕೀರ್ತಿಗೆ ಕೊಟ್ಟವಳು ಅವಳೇ.

"ಮೊದಲನೆಯದು," ಎಂದಳು. "ಪಂದ್ಯ ನಡೆಸುವವರ ದೋಣಿಯಲ್ಲಿ ಒಂದೇ ಕ್ಷಣಕ್ಕೆ ಅವಳಿ ಹುಟ್ಟುತ್ತವೆ. ಒಂದು ಬೇಗ ತಲುಪುತ್ತದೆ, ಇನ್ನೊಂದು ತಡವಾಗಿ. ಎರಡನೆಯದನ್ನು ನಂಬಿದವನು ಹಿಂದುಳಿಯುತ್ತಾನೆ. ಯಾವುವು?"

ಭುಜಬಲಿ ಮುಗುಳ್ನಕ್ಕ. "ಎರಡು ಗಡಿಯಾರಗಳು, ಅಮ್ಮಣ್ಣಿಯವರೇ. ಒಂದರ ಬ್ಯಾಟರಿ ಸೊರಗಿದೆ."

"ತಪ್ಪು."

ಕಾವಲುಗಾರರು ಅವನ ತೋಳು ಹಿಡಿದರು. ಮಕರಂದ ತಲೆಯಾಡಿಸಿ, ಮುಂದಿನ ಒಗಟಿಗೆ ಕಾಯುವೆನೆಂದು ಒಂದು ಹೆಜ್ಜೆ ಹಿಂದೆ ಸರಿದ. ಜಟ್ಟಿ ಕೈಮುಗಿದ. "ಆರಂಭದ ಮುನ್ಸೂಚನೆಗೆ ಏರುವ ಬಾವುಟ, ಅದರ ಜೊತೆಗೇ ಹಾರಿಸುವ ಗುಂಡಿನ ಸದ್ದು, ಅಮ್ಮಣ್ಣಿ. ಬಾವುಟ ಕಂಡ ಮೇಲೆಯೇ ಸದ್ದು ನೀರು ದಾಟಿ ಬರುವುದು. ಉಳಿದ ಕ್ಷಣಗಳನ್ನು ಎಣಿಸುವ ಗಡಿಯಾರವನ್ನು ಬಾವುಟ ನೋಡಿ ಒತ್ತಬೇಕು."

"ಎರಡನೆಯದು. ಒಂದೇ ಮೈಯ ಇಬ್ಬರು. ಹಿಂದೆ ಕುಳಿತವನು 'ಗೆರೆ ಇನ್ನೂ ದೂರ' ಎನ್ನುವಾಗ ಮುಂದಿರುವವನು ಅದನ್ನು ದಾಟಿಯೇಬಿಟ್ಟಿರುತ್ತಾನೆ. ಯಾರವರು?"

ಮಕರಂದ ಜಟ್ಟಿಯನ್ನು ಮೊಣಕೈಯಿಂದ ತಿವಿದ. "ಮೀನಿನ ವಾಸನೆಯವನಿಗೆ ಇದೆಲ್ಲ ದಕ್ಕೀತೇ? ಹಿಂದಿನವನು ಮಂತ್ರಿ, ಮುಂದಿನವನು ರಾಜ!"

ಸಭೆ ನಕ್ಕಿತು. ರಾಜಕುಮಾರಿ ನಗಲಿಲ್ಲ. "ತಪ್ಪು" ಎಂಬ ಮಾತಿಗೆ ಸಭೆಯ ನಗು ಅಲ್ಲಿಗೇ ಸತ್ತಿತು. ಕಾವಲುಗಾರರು ಮಕರಂದನ ತೋಳನ್ನೂ ಹಿಡಿದರು.

"ದೋಣಿಯ ಹಿಂಬದಿಯಲ್ಲಿ ಕೂರಿಸಿದ ಯಂತ್ರ, ಮತ್ತು ದೋಣಿಯ ಮೂತಿ," ಎಂದ ಜಟ್ಟಿ. "ಗೆರೆಯನ್ನು ಮೊದಲು ಮುಟ್ಟುವುದು ಮೂತಿ. ನಡುವಿನ ಉದ್ದವನ್ನು ಯಂತ್ರಕ್ಕೆ ಮೊದಲೇ ತಿಳಿಸಬೇಕು. ಯುವರಾಜರು ತಿಳಿಸಿದ್ದರು. ನಾನೇ ಅಳತೆಯ ಹಗ್ಗ ಹಿಡಿದಿದ್ದೆ."

"ಹಾಗಾದರೆ ಮೂರನೆಯದು." ಅವಳ ದನಿ ಇಳಿಯಿತು. "ಯಂತ್ರ ಸರಿಯಿತ್ತು, ಗಡಿಯಾರ ಸರಿಯಿತ್ತು, ನನ್ನ ತಮ್ಮನ ಕಣ್ಣೂ ಸರಿಯಿತ್ತು. ಯಾರೂ ಎಳೆಯದೆ, ಯಾರೂ ಅಳಿಸದೆ ಗೆರೆ ಜರುಗಿತು. ಜರುಗಿಸಿದ್ದು ಯಾವುದು?"

ಜಟ್ಟಿಗೆ ಉತ್ತರ ಗೊತ್ತಿತ್ತು. ಬಾಯಿ ಮುಚ್ಚಿದರೆ ತಲೆ ಹೋಗುತ್ತದೆ. ಬಾಯಿ ಬಿಟ್ಟರೂ ಹೋಗಬಹುದು. ಕಿಟಕಿಯಾಚೆ ಸೂರ್ಯ ಕೆಂಪಗೆ ಇಳಿಯುತ್ತಿದ್ದ.

"ನನ್ನ ಹಗ್ಗ, ಅಮ್ಮಣ್ಣಿ," ಎಂದ ಕೊನೆಗೆ. "ಬಾವುಟದ ದೋಣಿಯಿಂದ ಬೋಯದವರೆಗಿನದೇ ಪಂದ್ಯದ ಗೆರೆ. ಬಲೆ ತೇಲಿಸುವ ಬುರುಡೆಗೆ ಹಗ್ಗ ಸಡಿಲ ಬಿಡುವುದು ನಮ್ಮ ಕೇರಿಯ ರೂಢಿ. ಬಿಗಿದರೆ ಅಲೆ ಅದನ್ನು ಮುಳುಗಿಸುತ್ತದೆ. ಪಂದ್ಯದ ಬೋಯಕ್ಕೂ ಹಾಗೆಯೇ ಬಿಟ್ಟೆ. ಯುವರಾಜರು ಬೆಳಿಗ್ಗೆ ಅದರ ಪಕ್ಕ ಬಂದು, ಗೆರೆ ಇಲ್ಲಿದೆಯೆಂದು ಯಂತ್ರದಲ್ಲಿ ಗುರುತು ಒತ್ತಿದರು. ಆಮೇಲೆ ಉಬ್ಬರ ಬಂತು. ಬೋಯ ದಡದ ಕಡೆಗೆ, ಕಾದಿದ್ದ ದೋಣಿಗಳತ್ತ, ಹದಿನೈದು ಮಾರು ಸರಿಯಿತು. ಬೋಯವನ್ನು ಕಣ್ಣಿನಿಂದ ನೋಡಿದವರು ಬಾವುಟಕ್ಕೆ ಕಾಯುತ್ತ ಅಲ್ಲಿಯೇ ಹಾಯಿ ಸಡಿಲಿಸಿ ನಿಂತರು. ಯಂತ್ರ ಮಾತ್ರ ಗೆರೆ ಇನ್ನೂ ಮುಂದಿದೆ ಎಂದಿತು. ಯುವರಾಜರು ತುಂಬಿದ ಹಾಯಿಯಲ್ಲಿ ಬಂದು, ನಿಂತ ದೋಣಿಗಳಿಗೆ ಅಪ್ಪಳಿಸಿದರು."

ರಾಜಕುಮಾರಿ ಅವನತ್ತ ಬಾಗಿದಳು.

"ವರ್ಷವಿಡೀ ಏಕೆ ಸುಮ್ಮನಿದ್ದೆ?"

"ಹೆದರಿಕೆ."

ರಾಜಕುಮಾರಿ ಯಂತ್ರವನ್ನು ಬೋರಲು ಹಾಕಿದಳು. "ಯಂತ್ರದ ಪರದೆಯಿಂದ ಕಣ್ಣು ಕೀಳಬೇಡ ಎಂದು ಅವನಿಗೆ ಹೇಳಿ ಕಳಿಸಿದವಳು ನಾನು," ಎಂದಳು. ಆಮೇಲೆ ಜಟ್ಟಿಯತ್ತ ತಿರುಗಿ, "ಬೇಡು," ಎಂದಳು.

"ಆ ಇಬ್ಬರ ತಲೆ ಉಳಿಯಲಿ. ನನ್ನದು ತಮಗೆ ಬಿಟ್ಟದ್ದು."

ಅವಳು ಎದ್ದು ನಿಂತಳು. ಸಭೆಯೂ ಎದ್ದಿತು.

"ಎಲ್ಲರೂ ಕೇಳಿರಿ. ಮೂವರ ತಲೆಯೂ ಉಳಿಯಿತು. ನಾಳೆ ಪಂದ್ಯ ನಡೆಯುತ್ತದೆ. ಯಂತ್ರಗಳು ದೋಣಿಗಳಲ್ಲಿರಲಿ. ಆದರೆ ಇನ್ನು ಮುಂದೆ ಪಂದ್ಯದ ಗೆರೆಗೆ ಒಡೆಯ ಜಟ್ಟಿ. ಅವನು ಹಗ್ಗ ಮುಟ್ಟಿ ನೋಡಿ ಕೈಯೆತ್ತುವ ತನಕ ಬಾವುಟ ಏರುವುದಿಲ್ಲ. ಏರಿಸೆಂದು ನಾನು ಹೇಳಿದರೂ ಏರುವುದಿಲ್ಲ."