ಪೂರ್ತಿ ಹಾಡಿದ ಫೋನು

ನಂಬುವವರು ನಂಬಿ, ಉಳಿದವರು ಸುಮ್ಮನೆ ಕೇಳಿಸಿಕೊಳ್ಳಿ. ಮೊಬೈಲಿನ ಅಲೆಗಳು ರಕ್ತದ ಬಿಳಿಕಣಗಳಿಗೆ ಏನು ಮಾಡುತ್ತವೆಂದು ತಿಳಿಯಲು ಪ್ರಯೋಗಾಲಯದ ಸುಲೋಚನಾ ಮೇಡಂ ತಮ್ಮದೇ ಫೋನನ್ನು, ಕಣಗಳು ಚಳಿಗೆ ಸಾಯದಂತೆ ಬೆಚ್ಚಗಿಡುವ ಪೆಟ್ಟಿಗೆಯಲ್ಲಿ, ಕಣಗಳ ತಟ್ಟೆಯ ಪಕ್ಕದಲ್ಲಿಟ್ಟು, ಒಂದು ಗಂಟೆ ರಿಂಗಾಗಲಿ ಎಂದು ಬಿಟ್ಟರು. ಗಂಟೆ ಕಳೆದು ನೋಡಿದರೆ ಅರ್ಧಕ್ಕರ್ಧ ಕಣಗಳು ಸತ್ತಿದ್ದವು.

"ಫೋನೇ ಕೊಲೆಗಾರ," ಎಂದು ಬರೆಯಲು ಮೇಡಂ ಪುಸ್ತಕ ತೆರೆದರು.

ಲೋಕದ ಮಾತನ್ನೆಲ್ಲ ಹೊತ್ತು ತಿರುಗುವ ಫೋನಿಗೆ ತನ್ನ ಪರವಾಗಿ ಆಡಲು ಒಂದು ಮಾತೂ ಇರಲಿಲ್ಲ.

ಆಗ ತಟ್ಟೆಯಲ್ಲಿ ಬದುಕುಳಿದಿದ್ದ ಮುದಿ ಬಿಳಿಕಣವೊಂದು ತಲೆಯೆತ್ತಿತು. ಯಾರನ್ನೂ ನಂಬದೆ ಕಾವಲು ಕಾಯುವುದೇ ಅದರ ಕುಲಕಸುಬು.

"ತಾಳಿ ಮೇಡಂ. ಮೊದಲ ರಿಂಗಿಗೇ ಇದನ್ನು ಎತ್ತಿಕೊಂಡು ಹೊರಗೆ ಹೋದವರು ಯಾರು? ಉಪ್ಪಿನಕಾಯಿಗೆ ಎಣ್ಣೆ ಎಷ್ಟು ಹಾಕಬೇಕೆಂದು ಅಕ್ಕನನ್ನು ಒಂದು ಗಂಟೆ ಕೇಳಿದವರು ಯಾರು? ಇದು ನಿಮ್ಮ ಕಿವಿಯಲ್ಲಿತ್ತು, ಪೆಟ್ಟಿಗೆಯ ಬಾಗಿಲು ತೆರೆದೇ ಇತ್ತು. ನಮ್ಮವರು ಸತ್ತದ್ದು ಚಳಿಗೆ."

ಮೇಡಂ ಪುಸ್ತಕ ಮುಚ್ಚಿದರು.

"ನಿನ್ನ ಉಪಕಾರ ಮರೆಯಲಾರೆ ಅಜ್ಜಾ," ಎಂದಿತು ಫೋನು. ಅದರ ಮೊದಲ ಸ್ವಂತ ಮಾತು ಅದೇ.

"ನೀನು ಒಳ್ಳೆಯವನೆಂದು ನಾನೆಲ್ಲಿ ಹೇಳಿದೆ? ನಾಳೆ ನಿಜವಾಗಿ ನನ್ನ ಪಕ್ಕ ಕೂತು ತೋರಿಸು. ಕೆಡುಕು ಮಾಡಿದರೆ ಅದನ್ನೂ ಹೇಳುತ್ತೇನೆ."

"ಅಷ್ಟು ಸಾಕು ನನಗೆ."

ಮರುದಿನ ಮತ್ತೆ ಅಕ್ಕನ ಕರೆ ಬಂತು. ಮೇಡಂ ಕೈ ತಾನಾಗಿ ಮೇಲೆದ್ದಿತು. ಅಜ್ಜ ಕೆಮ್ಮಿದ. ಕೈ ಇಳಿಯಿತು. ಮುಚ್ಚಿದ ಪೆಟ್ಟಿಗೆಯೊಳಗೆ ಫೋನು, ಹುಟ್ಟಿದ ಮೇಲೆ ಮೊದಲ ಸಲ, ತನ್ನ ರಿಂಗಿನ ಹಾಡನ್ನು ಕೊನೆಯವರೆಗೂ ಹಾಡಿತು, ಅಜ್ಜನೊಬ್ಬನಿಗಾಗಿ.